ಕಟ್ಟಿದ ಹಡಗನ್ನು ಕಾಯುವ ಕೆಲಸ: ದಟ್ಟಣೆಯ ಬಂದರಿನಲ್ಲಿ ಹಗ್ಗಗಳ ನಿರ್ವಹಣೆ

ಎರಡು ಗೂಟಗಳ ನಡುವೆ ಉದ್ದನೆಯ ಹಗ್ಗವನ್ನು ಎಳೆದು, ಅದಕ್ಕೆ ಸಾಲಾಗಿ ಕಣ್ಣಿ ಹಾಕಿ ದನಗಳನ್ನು ಕಟ್ಟುವ ಏರ್ಪಾಡಿಗೆ ನಮ್ಮ ಕಡೆ ದಾವಣಿ ಎನ್ನುತ್ತಾರೆ. ದಾವಣಗೆರೆಯ ಹೆಸರು ಬಂದದ್ದೇ ಈ ದಾವಣಿಯಿಂದ ಎಂದು ಹೇಳುವ ಹಿರಿಯರು ಇಂದಿಗೂ ಇದ್ದಾರೆ. ಆ ಮಾತು ಸರಿಯೋ ತಪ್ಪೋ, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಹಡಗು ಕಟ್ಟುವ ತಂಡದಲ್ಲಿ ದುಡಿದು ಊರಿಗೆ ಮರಳಿರುವ ನನಗೆ ಅದು ಇಷ್ಟವಾದ ಮಾತು. ದಾವಣಿ ಕಟ್ಟಿ ಗೊತ್ತಿರುವ ಹುಡುಗನಿಗೆ ಹಡಗಿನ ಹಗ್ಗದ ಅರ್ಧ ಪಾಠ ಮೊದಲೇ ತಿಳಿದಿರುತ್ತದೆ. ತಿಳಿಯದೆ ಉಳಿಯುವ ಅರ್ಧವೆಂದರೆ, ದನ ರಾತ್ರಿ ಮಲಗುತ್ತದೆ, ಹಡಗು ಮಲಗುವುದಿಲ್ಲ. ಸರಕು ಇಳಿದಂತೆ ಅದು ಮೇಲೇರುತ್ತದೆ, ತುಂಬಿದಂತೆ ಕೆಳಗಿಳಿಯುತ್ತದೆ, ಉಬ್ಬರ ಇಳಿತಕ್ಕೂ ಗಾಳಿಗೂ ಪಕ್ಕದಲ್ಲಿ ಹಾದುಹೋಗುವ ಇನ್ನೊಂದು ಹಡಗಿಗೂ ಮೈ ಅಲುಗಿಸುತ್ತದೆ. ಹೀಗಾಗಿ ಕಟ್ಟುವುದು ಒಂದು ಗಂಟೆಯ ಕೆಲಸವಾದರೆ, ಕಟ್ಟಿದ್ದನ್ನು ಕಾಯುವುದು ಹಡಗು ಹೊರಡುವವರೆಗಿನ ಕೆಲಸ.

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಪಣಂಬೂರಿನ ನವಮಂಗಳೂರು ಬಂದರಿಗೋ ಬೇರೆ ಬಂದರುಗಳಿಗೋ ಧಕ್ಕೆಯ, ಅಂದರೆ ಹಡಗು ಒರಗಿ ನಿಲ್ಲುವ ಕಟ್ಟೆಯ, ಕೆಲಸಕ್ಕೆಂದು ಹೊರಡುವವರನ್ನೂ, ಜಿ.ಪಿ. ರೇಟಿಂಗ್ ಎಂಬ ಖಲಾಸಿ ತರಬೇತಿ ಮುಗಿಸಿ ಮೊದಲ ಬಾರಿಗೆ ಹಡಗು ಹತ್ತುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ನಮ್ಮ ಸೀಮೆಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಕೇಳುವವರು, ಭೀಮಸಮುದ್ರ, ಹೊಳಲ್ಕೆರೆ ಕಡೆಯ ಅದಿರಿನ ಲಾರಿಗಳು ಸಾಲುಗಟ್ಟಿ ಘಾಟಿ ಇಳಿಯುತ್ತಿದ್ದ ದಿನಗಳನ್ನು ನೆನಪಿಸಿಕೊಳ್ಳಬಹುದು.

ಯಾವ ಹಗ್ಗಕ್ಕೆ ಯಾವ ಹೊಣೆ

ಧಕ್ಕೆಗೆ ಒರಗಿ ನಿಂತ ಹಡಗು ತಪ್ಪಿಸಿಕೊಳ್ಳುವುದಿದ್ದರೆ ಧಕ್ಕೆಯಿಂದ ಆಚೆಗೆ ಸರಿಯಬೇಕು, ಇಲ್ಲವೇ ಧಕ್ಕೆಯ ಉದ್ದಕ್ಕೆ ಹಿಂದೆ ಮುಂದೆ ಜಾರಬೇಕು. ಮುಂತುದಿಯಿಂದ ಇನ್ನೂ ಮುಂದಕ್ಕೆ ಚಾಚುವುದು ಹೆಡ್ ಲೈನ್, ಹಿಂತುದಿಯಿಂದ ಹಿಂದಕ್ಕೆ ಚಾಚುವುದು ಸ್ಟರ್ನ್ ಲೈನ್. ಹಡಗಿಗೆ ಅಡ್ಡಲಾಗಿ, ಧಕ್ಕೆಗೆ ನೇರ ಬರುವುದು ಬ್ರೆಸ್ಟ್ ಲೈನ್. ಮುಂತುದಿಯಿಂದ ಹಿಂದಕ್ಕೂ ಹಿಂತುದಿಯಿಂದ ಮುಂದಕ್ಕೂ, ಹಡಗಿನ ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಓಡುವುದು ಸ್ಪ್ರಿಂಗ್. ಹಡಗನ್ನು ಬಂದರಿನೊಳಗೆ ದಾರಿ ತೋರಿಸಿ ತರುವ ಪೈಲಟ್ ‘ಫೋರ್ ಟೂ’ ಎಂದರೆ ಪ್ರತಿ ತುದಿಯಲ್ಲೂ ನಾಲ್ಕು ಉದ್ದದ ಹಗ್ಗ (ಮುಂದೆ ಹೆಡ್ ಲೈನ್, ಹಿಂದೆ ಸ್ಟರ್ನ್ ಲೈನ್), ಎರಡು ಸ್ಪ್ರಿಂಗ್ ಎಂದು ಅರ್ಥ.

ಹೊಸಬರು ಹೆಡ್ ಲೈನ್‌ಗಳನ್ನು ಅತಿಯಾಗಿ ನಂಬುತ್ತಾರೆ, ಏಕೆಂದರೆ ಕಣ್ಣಿಗೆ ಮೊದಲು ಬೀಳುವುದು ಅವೇ. ಉದ್ದಕ್ಕೆ ಜಾರದಂತೆ ಹಿಡಿಯುವ ಹೆಚ್ಚಿನ ಭಾರ ಸ್ಪ್ರಿಂಗ್‌ಗಳದ್ದು, ಆಚೆಗೆ ಸರಿಯದಂತೆ ತಡೆಯುವುದು ಬ್ರೆಸ್ಟ್‌ಗಳದ್ದು. ಓರೆಯಾಗಿ ಚಾಚಿದ ಹಗ್ಗ ಎರಡೂ ಕೆಲಸವನ್ನು ಸ್ವಲ್ಪಸ್ವಲ್ಪ ಮಾಡುತ್ತದೆ, ಯಾವುದನ್ನೂ ಪೂರ್ತಿ ಮಾಡುವುದಿಲ್ಲ.

ಹಡಗು ಕಾಣುವ ಮುನ್ನ

ದಟ್ಟಣೆಯ ಬಂದರಿನಲ್ಲಿ ಯಾವ ಹಡಗು ಯಾವ ಬರ್ತಿಗೆ (ಧಕ್ಕೆಯಲ್ಲಿ ಒಂದು ಹಡಗು ನಿಲ್ಲುವ ಜಾಗ) ಯಾವಾಗ ಬರುತ್ತದೆ ಎಂಬುದು ದಿನದ ಸಭೆಯಲ್ಲಿ ತೀರ್ಮಾನವಾಗಿ ಬರುತ್ತದೆ. ಆ ಕಾಗದ ಕೈಗೆ ಸಿಕ್ಕ ಕೂಡಲೇ ತಂಡದ ಮುಖ್ಯಸ್ಥ ಧಕ್ಕೆಗೆ ಹೋಗಿ ಒಮ್ಮೆ ನಡೆಯಬೇಕು. ಬರ್ತಿನ ಉದ್ದದಲ್ಲಿ ಹಡಗಿನ ಉದ್ದವನ್ನು ಕಳೆದು, ಮುಂದೆ ಹಿಂದೆ ಎಷ್ಟು ತೆರಪು ಉಳಿಯುತ್ತದೆ, ಆ ತೆರಪಿನಲ್ಲಿ ಹಗ್ಗದ ಕುಣಿಕೆ ಹಾಕುವ ಗೂಟಗಳು, ಅಂದರೆ ಬೋಲಾರ್ಡ್‌ಗಳು, ಎಷ್ಟಿವೆ, ಅವುಗಳಲ್ಲಿ ಪಕ್ಕದ ಹಡಗು ಈಗಾಗಲೇ ಹಿಡಿದಿರುವುದು ಯಾವುವು ಎಂಬುದನ್ನು ಕಾಲಿನಲ್ಲಿ ಅಳೆದು ಬರೆದುಕೊಳ್ಳುವುದೇ ಮೊದಲ ಹೆಜ್ಜೆ. ಬೋಲಾರ್ಡ್ ಎಷ್ಟು ಟನ್ ತಾಳುತ್ತದೆ ಎಂಬ ಅಂಕಿಯನ್ನು ಅದರ ಮೇಲೋ ಬಂದರಿನ ನಕ್ಷೆಯಲ್ಲೋ ನೋಡಬೇಕು. ಒಂದೊಂದೂ 50 ಟನ್ ಎಳೆಯಬಲ್ಲ ಮೂರು ಹಗ್ಗಗಳನ್ನು 100 ಟನ್ನಿನ ಬೋಲಾರ್ಡ್‌ಗೆ ಹಾಕಿದರೆ, ಹಗ್ಗಕ್ಕಿಂತ ಮೊದಲು ಗೂಟವೇ ಕಿತ್ತು ಬರಬಹುದು.

ಎರಡನೆಯ ಲೆಕ್ಕ ನೀರಿನ ಏರಿಳಿತದ್ದು. ಮಂಗಳೂರಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ ಒಂದು, ಒಂದೂವರೆ ಮೀಟರಿನ ಆಸುಪಾಸು ಮಾತ್ರ. ಕಛ್ ಕೊಲ್ಲಿಯ ಕಾಂಡ್ಲಾದಲ್ಲಿ ಅದು ದೊಡ್ಡ ಉಬ್ಬರದ ದಿನಗಳಲ್ಲಿ ಸುಮಾರು ಆರು ಮೀಟರ್. ಮಂಗಳೂರಿನಲ್ಲಿ ಕಲಿತವನು ಕಾಂಡ್ಲಾಕ್ಕೆ ಹೋಗಿ ಅದೇ ಕೈಬಳಕೆಯಲ್ಲಿ ಹಗ್ಗ ಬಿಗಿದರೆ ಆರು ತಾಸಿನೊಳಗೆ ಪಾಠ ಕಲಿಯುತ್ತಾನೆ. ಹಾಗೆಂದು ಮಂಗಳೂರಿನವರು ನಿಶ್ಚಿಂತರಾಗಿರುವಂತಿಲ್ಲ, ಏಕೆಂದರೆ ಅಲ್ಲಿ ಹಡಗನ್ನು ಎತ್ತಿ ಇಳಿಸುವುದು ಸಮುದ್ರಕ್ಕಿಂತ ಹೆಚ್ಚಾಗಿ ಸರಕು. ಎಪ್ಪತ್ತು ಸಾವಿರ ಟನ್ ವರ್ಗದ ಕಲ್ಲಿದ್ದಲಿನ ಹಡಗಿನಿಂದ ಸುಮಾರು 65 ಟನ್ ಇಳಿದಾಗ ಅದು ಒಂದು ಸೆಂಟಿಮೀಟರ್ ಮೇಲೇಳುತ್ತದೆ. ದಿನಕ್ಕೆ 20,000 ಟನ್ ಇಳಿಸಿದರೆ ಸುಮಾರು ಮೂರು ಮೀಟರ್. ಬೆಳಿಗ್ಗೆ ಹದವಾಗಿದ್ದ ಹಗ್ಗ ಸಂಜೆಗೆ ತಂಬೂರಿಯ ತಂತಿಯಂತಾಗುವುದು ಹೀಗೆ.

ಒಂದೇ ಹೊಣೆಗೆ ಒಂದೇ ಬಗೆಯ ಹಗ್ಗ

ಇಡೀ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದು. ದಾವಣಗೆರೆಯ ಎಪಿಎಂಸಿ ಅಂಗಳದಲ್ಲಿ ಮೆಕ್ಕೆಜೋಳದ ಚೀಲ ಹೇರಿದ ಲಾರಿಗೆ ಹಗ್ಗ ಬಿಗಿಯುವ ಹಮಾಲರನ್ನು ಗಮನಿಸಿ. ಒಬ್ಬನು ಹಗ್ಗದ ತುದಿಯನ್ನು ಕೊಕ್ಕೆಗೆ ಹಾಕಿ, ಕಾಲನ್ನು ಲಾರಿಯ ಮೈಗೆ ಒದ್ದು, ಇಡೀ ಮೈಭಾರವನ್ನು ಹಿಂದಕ್ಕೆ ಬಿಟ್ಟು ಎಳೆಯುತ್ತಾನೆ. ಮೊದಲು ಹಾಕಿದ ಹಗ್ಗಕ್ಕೆ ನೈಲಾನ್, ಎರಡನೆಯದಕ್ಕೆ ಕತ್ತಾಳೆ ನಾರು ಬಳಸಿದರೆ ಮೇಸ್ತ್ರಿ ಬಯ್ಯುತ್ತಾನೆ. ಕಾರಣ ಸರಳ. ನೈಲಾನ್ ಎಳೆದಷ್ಟೂ ಹಿಗ್ಗುತ್ತದೆ, ನಾರಿನ ಹಗ್ಗ ಅಷ್ಟು ಹಿಗ್ಗುವುದಿಲ್ಲ. ಹೊರೆ ಅಲುಗಿದಾಗ ಹಿಗ್ಗದ ಹಗ್ಗವೇ ಪೂರ್ತಿ ಭಾರ ಹೊತ್ತು ಮೊದಲು ಹರಿಯುತ್ತದೆ, ಆಮೇಲೆ ಸರದಿ ನೈಲಾನಿನದು.

ಹಡಗಿನಲ್ಲಿಯೂ ಲೆಕ್ಕ ಇದೇ, ಭಾರ ಮಾತ್ರ ಸಾವಿರ ಪಟ್ಟು. ಉಕ್ಕಿನ ತಂತಿಯ ಹಗ್ಗವೂ, ಎಚ್‌ಎಂಪಿಇ ಎಂಬ ಹೊಸ ನೂಲಿನ ಹಗ್ಗವೂ ಹರಿಯುವ ಮುನ್ನ ನೂರಕ್ಕೆ ಎರಡು ಮೂರು ಪಾಲಿಗಿಂತ ಹೆಚ್ಚು ಹಿಗ್ಗುವುದು ಕಡಿಮೆ, ನೈಲಾನ್ ಮೂವತ್ತು ಪಾಲಿನವರೆಗೂ ಹಿಗ್ಗಬಲ್ಲದು. ಪಾಲಿಪ್ರೊಪಿಲೀನ್ ನೀರಿನಲ್ಲಿ ತೇಲುತ್ತದೆ, ಅಗ್ಗವೂ ಹೌದು, ಆದರೆ ಬಿಸಿಲಿಗೆ ಬೇಗ ಪುಡಿಯೇಳುತ್ತದೆ. ನೈಲಾನ್ ನೀರಿನಲ್ಲಿ ಮುಳುಗುತ್ತದೆ, ನೆಂದಾಗ ತನ್ನ ಬಲದಲ್ಲಿ ಹತ್ತರಲ್ಲಿ ಒಂದು ಪಾಲಿಗೂ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಹೀಗಿರುವಾಗ ಎರಡು ತಂತಿ ಹಗ್ಗದ ಪಕ್ಕಕ್ಕೆ ಒಂದು ನೈಲಾನ್ ಸೇರಿಸಿ ‘ಮೂರು ಹಗ್ಗ ಇದೆ’ ಎಂದು ಎಣಿಸುವುದು ತಪ್ಪು ಎಣಿಕೆ. ಒಂದೇ ದಿಕ್ಕಿನ ಹೊಣೆ ಹೊತ್ತ ಹಗ್ಗಗಳು ಒಂದೇ ಬಗೆಯವು, ಒಂದೇ ದಪ್ಪದವು, ಸಾಧ್ಯವಾದಷ್ಟೂ ಒಂದೇ ಉದ್ದದವು ಆಗಿರಬೇಕು.

ಉದ್ದದ ಮಾತು ಏಕೆಂದರೆ, ಒಂದೇ ಜಾತಿಯ ಎರಡು ಹಗ್ಗಗಳಲ್ಲಿ ಒಂದು ಇನ್ನೊಂದರ ಅರ್ಧ ಉದ್ದದ್ದಾಗಿದ್ದರೆ, ಹಡಗು ಒಂದಡಿ ಅಲುಗಿದಾಗ ಗಿಡ್ಡ ಹಗ್ಗದ ಮೇಲೆ ಉದ್ದ ಹಗ್ಗದ ಎರಡರಷ್ಟು ಭಾರ ಬೀಳುತ್ತದೆ. ಕಿಕ್ಕಿರಿದ ಧಕ್ಕೆಯಲ್ಲಿ ಹತ್ತಿರದ ಬೋಲಾರ್ಡ್ ಖಾಲಿಯಿದೆ ಎಂದು ಒಂದು ಹೆಡ್ ಲೈನನ್ನು ಅಲ್ಲಿಗೇ ಹಾಕುವ ಆಸೆ ಎಲ್ಲರಿಗೂ ಆಗುತ್ತದೆ. ಅಲ್ಲಿಗೆ ಹಾಕುವುದಾದರೆ ಅದನ್ನು ಬ್ರೆಸ್ಟ್ ಎಂದೇ ಎಣಿಸಿ, ಹೆಡ್ ಲೈನಿನ ಲೆಕ್ಕದಿಂದ ತೆಗೆಯಬೇಕು.

ಎತ್ತರದ ಕೋನವನ್ನೂ ಮರೆಯುವಂತಿಲ್ಲ. ಹಗ್ಗ ನೆಲಕ್ಕೆ ಸಮನಾಗಿ ಹೋದಷ್ಟೂ ಅದರ ಬಲ ಹಡಗನ್ನು ಹಿಡಿಯಲು ಒದಗುತ್ತದೆ. 30 ಡಿಗ್ರಿ ಓರೆಯಲ್ಲಿ ನೂರಕ್ಕೆ ಸುಮಾರು 87 ಪಾಲು, 45 ಡಿಗ್ರಿಯಲ್ಲಿ 71, 60 ಡಿಗ್ರಿಯಲ್ಲಿ ಬರೀ ಅರ್ಧ. ಉಳಿದ ಬಲ ಹಡಗನ್ನು ಕೆಳಕ್ಕೆ ಎಳೆಯುವುದರಲ್ಲೇ ವ್ಯರ್ಥ. ಖಾಲಿಯಾಗಿ ಎತ್ತರಕ್ಕೆ ಎದ್ದ ಹಡಗಿಗೆ ಗಿಡ್ಡ ಬ್ರೆಸ್ಟ್ ಹಾಕಿದಾಗ ಆಗುವುದು ಇದೇ. ಓರೆ 25, 30 ಡಿಗ್ರಿ ಮೀರದಂತೆ ದೂರದ ಬೋಲಾರ್ಡ್ ಆರಿಸುವುದು ವಾಡಿಕೆ.

ತಂತಿ ಅಥವಾ ಎಚ್‌ಎಂಪಿಇ ಹಗ್ಗಕ್ಕೆ ಹಿಗ್ಗುವ ಗುಣ ಕೊಡಲೆಂದು ತುದಿಗೆ 11 ಅಥವಾ 22 ಮೀಟರಿನ, ಹಿಗ್ಗುವ ಹಗ್ಗದ ತುಂಡೊಂದನ್ನು ಜೋಡಿಸುತ್ತಾರೆ, ಅದಕ್ಕೆ ಬಾಲ ಎನ್ನುತ್ತಾರೆ. ಬಾಲ ಬೇಗ ಸವೆಯುವುದರಿಂದ ಅದರ ಬಲ ಮೂಲ ಹಗ್ಗಕ್ಕಿಂತ ಕಾಲು ಭಾಗವಾದರೂ ಹೆಚ್ಚಿರಬೇಕು.

ಕಾಲಿಡುವ ಜಾಗ

ಬಿಗಿದ ಹಗ್ಗ ಹರಿದಾಗ ತುಂಡಾದ ತುದಿ ಬಂದ ದಾರಿಯಲ್ಲೇ ಹಿಂದಕ್ಕೆ ಚಿಮ್ಮುತ್ತದೆ. ಕವಣೆಯ ಕಲ್ಲು ಹೊರಟ ಮೇಲೆ ಯಾರೂ ತಪ್ಪಿಸಿಕೊಳ್ಳಲಾರರು, ಹಗ್ಗದ ತುದಿಯೂ ಹಾಗೆಯೇ. ನಡುವೆ ರೋಲರ್ ಸುತ್ತಿ ತಿರುಗಿದ್ದರೆ ಅದು ನೇರ ಬಾರದೆ ಬೀಸಿ ಹೊಡೆಯುತ್ತದೆ. ಹಿಂದೆ ಡೆಕ್ ಮೇಲೆ ಹಳದಿ ಬಣ್ಣ ಬಳಿದು ಅಪಾಯದ ಜಾಗ ಗುರುತಿಸುವ ಪದ್ಧತಿಯಿತ್ತು. ಗೆರೆಯಾಚೆ ನಿಂತರೆ ಸಾಕೆಂಬ ಸುಳ್ಳು ಧೈರ್ಯ ಅದರಿಂದ ಹುಟ್ಟುತ್ತದೆ ಎಂದು, ಹಗ್ಗ ಬಿಗಿದಿರುವಾಗ ಇಡೀ ಕಟ್ಟುವ ಜಾಗವನ್ನೇ ಅಪಾಯದ್ದೆಂದು ಭಾವಿಸಿರಿ ಎಂಬ ಸಲಹೆ ಈಗ ಬಂದಿದೆ. ನನಗೂ ಇದೇ ಸರಿ ಎನ್ನಿಸುತ್ತದೆ.

ಹಿಗ್ಗದ ಹಗ್ಗ ಹರಿದರೆ ಚಿಮ್ಮುವುದಿಲ್ಲ ಎಂಬ ನಂಬಿಕೆ ಬಹಳ ಕಾಲ ಇತ್ತು. 2015ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಮಿಲ್‌ಫರ್ಡ್ ಹೇವನ್‌ನಲ್ಲಿ ಜರ್ಗಾ ಎಂಬ ಅನಿಲ ಸಾಗಿಸುವ ಹಡಗನ್ನು ಕಟ್ಟುತ್ತಿದ್ದಾಗ ಎಚ್‌ಎಂಪಿಇ ಹಗ್ಗ ಹರಿದು, ಮುಂತುದಿಯ ಹೊಣೆ ಹೊತ್ತಿದ್ದ ಅಧಿಕಾರಿಯ ತಲೆಗೆ ಭೀಕರ ಪೆಟ್ಟಾಯಿತು. ಹಗ್ಗ ತಾನು ಹಿಗ್ಗದಿದ್ದರೂ ಅದಕ್ಕೆ ಜೋಡಿಸಿದ ಬಾಲ ಹಿಗ್ಗುತ್ತದೆ, ಆ ಬಾಲದಲ್ಲಿ ಕೂಡಿದ್ದ ಬಲವೇ ಹಗ್ಗವನ್ನು ಎಸೆಯುತ್ತದೆ. ಕಟ್ಟುವ ಸಲಕರಣೆಗಳ ತಪಾಸಣೆ ಮತ್ತು ದುರಸ್ತಿಯ ಅಂತರರಾಷ್ಟ್ರೀಯ ನಿಯಮ 2024ರ ಜನವರಿ 1ರಿಂದ ಬಿಗಿಯಾಗಿದೆ. ಹಳೆಯ ಹಡಗುಗಳೂ ತಮ್ಮ ಹಗ್ಗಗಳ ತಪಾಸಣೆಯ ದಾಖಲೆ ಇಡಬೇಕು.

ಉಳಿದ ಎಚ್ಚರಿಕೆಗಳು ಚಿಕ್ಕವು, ಆದರೆ ಬೆರಳು ಕಾಲುಗಳನ್ನು ಉಳಿಸುವಂಥವು. ಡೆಕ್ ಮೇಲೆ ಬಿದ್ದ ಹಗ್ಗದ ಸುರುಳಿಯೊಳಗೆ ಕಾಲಿಡಬಾರದು. ಕುಣಿಕೆಯನ್ನು ಬೋಲಾರ್ಡ್‌ಗೆ ಹಾಕುವಾಗ ಅದರೊಳಗೆ ಕೈ ತೂರಿಸದೆ ಹೊರ ಮಗ್ಗುಲಿನಿಂದ ಹಿಡಿಯಬೇಕು. ಸಡಿಲ ಬಟ್ಟೆ, ತೋಳಿಗೆ ಸುತ್ತಿದ ಟವೆಲ್ಲು ಇವನ್ನು ಮನೆಯಲ್ಲೇ ಬಿಡಬೇಕು.

ಕಟ್ಟುವ ಹೊತ್ತು

ಹಡಗು ಧಕ್ಕೆಯ ಹತ್ತಿರ ಬಂದಾಗ ಮೇಲಿನಿಂದ ತೆಳುವಾದ ಎಸೆಹಗ್ಗ ಹಾರಿ ಬರುತ್ತದೆ. ಅದು ನೆಲಕ್ಕೆ ಬೀಳುವವರೆಗೂ ತಾಳಬೇಕು, ಗಾಳಿಯಲ್ಲಿ ಹಿಡಿಯಲು ಹೋಗಬಾರದು. ತುದಿಯ ಗಂಟಿನೊಳಗೆ ಕಬ್ಬಿಣದ ನಟ್ಟು, ಸೀಸ ತುಂಬಿ ಎಸೆಯುವ ದುರಭ್ಯಾಸ ಕೆಲವು ಹಡಗುಗಳಲ್ಲಿದೆ. ಗಂಟು ಬರೀ ಹಗ್ಗದ್ದಾಗಿರಬೇಕು, ಇಲ್ಲವಾದರೆ ಅರ್ಧ ಕಿಲೋ ಮೀರದ ಮೆತ್ತನೆಯ ಚೀಲವಾಗಿರಬೇಕು ಎಂಬುದು ನಿಯಮ. ಲೋಹ ಕಂಡರೆ ಗಂಟನ್ನು ಕತ್ತರಿಸಿಟ್ಟುಕೊಂಡು ಪೈಲಟ್‌ಗೆ ತಿಳಿಸುವ ಹಕ್ಕು ಧಕ್ಕೆಯವರಿಗಿದೆ ಎಂದೇ ನಾನು ನಡೆದುಕೊಂಡಿದ್ದೇನೆ.

ಎಸೆಹಗ್ಗದ ಹಿಂದೆ ದಪ್ಪ ಹಗ್ಗದ ಕುಣಿಕೆ ನೀರಿನಲ್ಲಿ ಒದ್ದೆಯಾಗಿ ಬರುತ್ತದೆ. ಮೀಟರಿಗೆ ಸುಮಾರು ಎರಡು ಕಿಲೋ ತೂಗುವ ಅದನ್ನು ನಾಲ್ಕೈದು ಜನ ಒಂದೇ ಲಯದಲ್ಲಿ ಎಳೆಯುತ್ತಾರೆ. ಹಡಗಿನ ಖಲಾಸಿಗಳ ಹಳೆಯ ಮಾತಿನಲ್ಲಿ ‘ಹಬೇಸ್’ ಎಂದರೆ ಎಳೆ, ‘ಆರ್ಯ’ ಎಂದರೆ ಸಡಿಲಿಸು. ಇದೇ ಎರಡು ಮಾತುಗಳನ್ನು ಚಿತ್ರದುರ್ಗದ ಗುಡ್ಡಗಳಲ್ಲಿ ಗಾಳಿಯಂತ್ರ ನಿಲ್ಲಿಸುವ ಕ್ರೇನಿನವರ ಬಾಯಲ್ಲಿ ಕೇಳಿದ ದಿನ ನಾನು ನಿಂತಲ್ಲೇ ನಕ್ಕಿದ್ದೆ. ಯಾವ ಮಾತೇ ಆಗಲಿ, ಆಜ್ಞೆ ಕೊಡುವವನು ಒಬ್ಬನೇ ಇರಬೇಕು, ಹಗ್ಗವನ್ನು ಸುತ್ತಿ ಎಳೆಯುವ ಯಂತ್ರವಾದ ವಿಂಚ್ ನಡೆಸುವವನಿಗೆ ಅವನ ಕೈಸನ್ನೆ ಕಾಣುತ್ತಿರಬೇಕು. ಕುಣಿಕೆ ಹಾಕಿದ ತಂಡ ಹಿಂದೆ ಸರಿದು ಕೈ ಎತ್ತುವವರೆಗೂ ವಿಂಚ್ ತಿರುಗಕೂಡದು. ಬಹುಪಾಲು ಸ್ಪ್ರಿಂಗ್ ಮೊದಲು ಹೋಗುತ್ತದೆ, ಏಕೆಂದರೆ ಹಡಗು ತನ್ನ ಜಾಗದಲ್ಲಿ ನಿಲ್ಲುವುದಕ್ಕೆ ಅದು ಆಸರೆ. ಪ್ರವಾಹ, ಗಾಳಿ ನೋಡಿ ಪೈಲಟ್ ಕ್ರಮ ಬದಲಿಸಿದರೆ ಅವರ ಮಾತೇ ಕೊನೆಯದು.

ಇನ್ನು ದಟ್ಟಣೆಯ ಬಂದರಿನಲ್ಲಿ ಮಾತ್ರ ಎದುರಾಗುವ ಒಂದು ಸಂಗತಿ. ಒಂದೇ ಬೋಲಾರ್ಡ್‌ನಲ್ಲಿ ಎರಡು ಹಡಗುಗಳ ಕುಣಿಕೆ ಹಾಕಬೇಕಾದಾಗ, ಎರಡನೆಯದನ್ನು ಮೊದಲನೆಯದರ ಮೇಲೆ ಸುಮ್ಮನೆ ಹೇರಬಾರದು. ಮೊದಲಿನ ಕುಣಿಕೆಯ ಒಳಗಿನಿಂದ, ಕೆಳಗಿನಿಂದ ಮೇಲಕ್ಕೆ ತೂರಿಸಿ ತೆಗೆದು ಆಮೇಲೆ ಬೋಲಾರ್ಡ್‌ಗೆ ಹಾಕಬೇಕು. ಹಾಗೆ ಮಾಡಿದರೆ ಯಾವುದನ್ನು ಬೇಕಾದರೂ ಮೊದಲು ಬಿಚ್ಚಬಹುದು. ನಾನು ಇದನ್ನು ಕಲಿತದ್ದು ತಪ್ಪು ಮಾಡಿ. ಕೆಲಸಕ್ಕೆ ಸೇರಿದ ಎರಡನೆಯ ಮಳೆಗಾಲದಲ್ಲಿ, ರಾತ್ರಿ ಪಾಳಿಯ ಕೊನೆಗೆ, ಹೊಸದಾಗಿ ಬಂದ ಹಡಗಿನ ಸ್ಟರ್ನ್ ಲೈನನ್ನು ಪಕ್ಕದ ಹಡಗಿನ ಹೆಡ್ ಲೈನಿನ ಮೇಲೆ ಹೇರಿ ಬಂದೆ. ಬೆಳಗಿನ ಜಾವ ಮೂರಕ್ಕೆ ಹೊರಡಬೇಕಾಗಿದ್ದುದು ಕೆಳಗಿನ ಕುಣಿಕೆಯ ಹಡಗು. ಮೇಲಿನ ಹಗ್ಗ ಬಿಗಿದು ಕಲ್ಲಾಗಿತ್ತು. ಅದನ್ನು ಸಡಿಲಿಸಲು ಆ ಹಡಗಿನವರನ್ನು ಎಬ್ಬಿಸಿ, ವಿಂಚಿಗೆ ಜನ ಬಂದು, ಬದಲಿಗೆ ಇನ್ನೊಂದು ಹಗ್ಗ ಹಾಕಿ, ಕುಣಿಕೆ ಬಿಡಿಸುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆಯಿತು. ಅಷ್ಟೂ ಹೊತ್ತು ಪೈಲಟ್ ಹಡಗು ನಡೆಸುವ ಮೇಲಿನ ಕೋಣೆಯಲ್ಲಿ ಕಾದಿದ್ದರು, ಹಡಗನ್ನು ಎಳೆದು ತಳ್ಳುವ ಎರಡು ಟಗ್ ದೋಣಿಗಳು ಹೊಗೆ ಬಿಡುತ್ತ ನಿಂತಿದ್ದವು. ನಮ್ಮ ಸಾರಂಗರು, ಅಂದರೆ ತಂಡದ ಮುಖ್ಯಸ್ಥರು, ಬಯ್ಯಲಿಲ್ಲ. ಮರುದಿನ ಎರಡು ತುಂಡು ಹಗ್ಗ, ಒಂದು ಕಬ್ಬಿಣದ ಗೂಟ ಕೊಟ್ಟು ‘ನೂರು ಸಲ ಹಾಕು ತಮ್ಮಾ’ ಎಂದರು.

ಕಾಯುವುದು

ಹಡಗು ಕಟ್ಟಿಯಾದ ಮೇಲೆ ಹಗ್ಗದ ಹೊಣೆ ಮುಖ್ಯವಾಗಿ ಹಡಗಿನ ಕಾವಲುಗಾರನದು. ಅವನು ಹಡಗು ಹತ್ತುವ ಏಣಿಯಾದ ಗ್ಯಾಂಗ್‌ವೇ ಬಿಟ್ಟು ಕದಲದಿದ್ದರೆ ಧಕ್ಕೆಯವರು ಕೂಗಿ ಹೇಳಲು ಹಿಂಜರಿಯಬಾರದು. ಸರಕಿನ ವೇಗ ನೋಡಿ ತಾಸಿಗೊಮ್ಮೆಯೋ ಅರ್ಧ ತಾಸಿಗೊಮ್ಮೆಯೋ ಸುತ್ತು ಹಾಕಬೇಕು. ಒಂದು ಹಗ್ಗ ಬಿಗಿದಿದೆ ಎಂದು ಅದೊಂದನ್ನೇ ಸಡಿಲಿಸಿದರೆ ಭಾರ ಪಕ್ಕದ್ದಕ್ಕೆ ಹಾರುತ್ತದೆ. ಆದ್ದರಿಂದ ಒಂದು ಗುಂಪಿನ ಹಗ್ಗಗಳನ್ನು ಸರದಿಯಂತೆ, ಸ್ವಲ್ಪಸ್ವಲ್ಪವಾಗಿ ಸರಿದೂಗಿಸಬೇಕು. ಹಡಗು ಮೇಲೇಳುವಾಗ ಗಿಡ್ಡ ಹಗ್ಗಗಳು, ಅಂದರೆ ಬ್ರೆಸ್ಟ್ ಮತ್ತು ಸ್ಪ್ರಿಂಗ್‌ಗಳು, ಮೊದಲು ಬಿಗಿಯುತ್ತವೆ. ಕಣ್ಣು ಅಲ್ಲಿರಲಿ.

ವಿಂಚಿನ ವಿಷಯದಲ್ಲಿ ಮೂರು ಮಾತು. ಬ್ರೇಕನ್ನು ಹಗ್ಗ ಹರಿಯುವ ಬಲದಲ್ಲಿ ನೂರಕ್ಕೆ ಸುಮಾರು 60 ಪಾಲಿಗೆ ಜಾರುವಂತೆ ಹೊಂದಿಸಿರುತ್ತಾರೆ. ಹಗ್ಗ ಹರಿಯುವುದಕ್ಕಿಂತ ಬ್ರೇಕ್ ಜಾರಿ ಸದ್ದು ಮಾಡುವುದು ಮೇಲು, ಹಾಗಾಗಿ ಜಾರಿತೆಂದು ಹ್ಯಾಂಡಲ್‌ಗೆ ಪೈಪ್ ಸಿಕ್ಕಿಸಿ ಇನ್ನಷ್ಟು ಬಿಗಿಯುವುದು ಮೂರ್ಖತನ. ಎರಡು ಭಾಗದ ಡ್ರಮ್ಮಿನಲ್ಲಿ ಭಾರ ಹೊರುವ ಭಾಗದ ಮೇಲೆ ಹಗ್ಗ ಒಂದೇ ಪದರವಾಗಿರಬೇಕು, ಪದರ ಹೆಚ್ಚಿದಂತೆ ಬ್ರೇಕಿನ ಹಿಡಿತ ಕುಗ್ಗುತ್ತದೆ. ಡ್ರಮ್ಮಿಗೆ ಹಗ್ಗವನ್ನು ತಿರುವುಮುರುವಾಗಿ ಸುತ್ತಿದ್ದರೂ ಹಿಡಿತ ಕುಗ್ಗುತ್ತದೆ. ಇದನ್ನು ಹಗಲಿನಲ್ಲೇ ನೋಡಿಟ್ಟುಕೊಳ್ಳಬೇಕು.

ದಟ್ಟಣೆಯ ಬಂದರಿನ ದೊಡ್ಡ ಶತ್ರು ಹಾದುಹೋಗುವ ಹಡಗು. ಅದು ತಳ್ಳುವ ಮತ್ತು ಸೆಳೆಯುವ ನೀರು ಕಟ್ಟಿದ ಹಡಗನ್ನು ಮೊದಲು ಒಂದು ಕಡೆಗೆ, ಆಮೇಲೆ ಇನ್ನೊಂದು ಕಡೆಗೆ ಎಳೆಯುತ್ತದೆ. ವೇಗ ಎರಡರಷ್ಟಾದರೆ ಸೆಳೆತ ಸುಮಾರು ನಾಲ್ಕರಷ್ಟಾಗುತ್ತದೆ. 1990ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಬೇ ಸಿಟಿಯಲ್ಲಿ ಪೆಟ್ರೋಲು ಇಳಿಸುತ್ತಿದ್ದ ಜ್ಯೂಪಿಟರ್ ಎಂಬ ಟ್ಯಾಂಕರಿನ ಪಕ್ಕದಲ್ಲಿ ಬಫಲೋ ಎಂಬ ಸರಕು ಹಡಗು ಹಾದುಹೋದಾಗ, ಟ್ಯಾಂಕರಿನ ಕಟ್ಟು ಕಿತ್ತು, ಕೊಳವೆ ಹರಿದು ಬೆಂಕಿ ಹೊತ್ತಿ ಒಬ್ಬ ನಾವಿಕ ಸತ್ತ. ಇಂಥ ಸೆಳೆತಕ್ಕೆ ಸಡಿಲ ಹಗ್ಗವೇ ಹೆಚ್ಚು ಅಪಾಯ, ಏಕೆಂದರೆ ಹಡಗು ಓಡಲು ಜಾಗ ಸಿಕ್ಕಿ, ವೇಗ ಹಿಡಿದು, ಕೊನೆಗೆ ಜಗ್ಗುತ್ತದೆ. ದೊಡ್ಡ ಹಡಗೊಂದು ಕಾಲುವೆಯೊಳಗೆ ಬರುತ್ತಿದೆ ಎಂದು ವಿಎಚ್‌ಎಫ್ ರೇಡಿಯೋದಲ್ಲಿ ಕೇಳಿದ ಕೂಡಲೇ ಸಡಿಲ ತೆಗೆದು, ಗ್ಯಾಂಗ್‌ವೇ ಮೇಲಿನ ಓಡಾಟ ನಿಲ್ಲಿಸಿ, ಅದು ದಾಟಿದ ಮೇಲೆ ಮತ್ತೊಮ್ಮೆ ಸುತ್ತು ಹಾಕಬೇಕು.

ಗಾಳಿಯ ಲೆಕ್ಕವೂ ಅದೇ ಬಗೆಯದು: ಗಾಳಿಯ ವೇಗ ಎರಡು ಪಟ್ಟಾದರೆ ಹಡಗಿನ ಮೈಮೇಲಿನ ಒತ್ತಡ ನಾಲ್ಕು ಪಟ್ಟು. ಖಾಲಿ ಹಡಗು ಮತ್ತು ಕಂಟೇನರ್ ಹಡಗುಗಳಿಗೆ ಇದು ಹೆಚ್ಚು ತಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಕರಾವಳಿಯಲ್ಲಿ ಗಾಳಿಯ ಜೊತೆಗೆ ಉದ್ದ ಅಲೆಗಳೂ ಸೇರಿ, ಅಲೆತಡೆಯ ಒಳಗಿದ್ದ ಹಡಗೂ ಉದ್ದಕ್ಕೆ ತೂಗುತ್ತದೆ. ಆ ತಿಂಗಳುಗಳಲ್ಲಿ ಹೆಚ್ಚುವರಿ ಸ್ಪ್ರಿಂಗ್‌ಗಳನ್ನು ಹಾಕಿಸುವುದು, ಹಗ್ಗ ಉಜ್ಜುವ ಅಂಚುಗಳಿಗೆ ಹಳೆಯ ಕ್ಯಾನ್ವಾಸ್ ಸುತ್ತುವುದು ಒಳ್ಳೆಯದು. ಮುನ್ಸೂಚನೆ ಕೆಟ್ಟದಾಗಿದ್ದರೆ ಹಗ್ಗ ಸೇರಿಸುತ್ತ ಕೂರುವ ಬದಲು ಟಗ್ ಕರೆಸಲು ಬೇಗನೆ ಹೇಳಬೇಕು. ಹರಿದ ಮೇಲೆ ಕರೆದ ಟಗ್ ಬರುವುದು ತಡವಾಗಿ.

ಬಿಡುವಾಗ

ಹೊರಡುವ ಮುನ್ನ ಹಗ್ಗಗಳನ್ನು ಕಡಿಮೆ ಮಾಡಿ ಪ್ರತಿ ತುದಿಯಲ್ಲಿ ಒಂದು ಉದ್ದದ ಹಗ್ಗ, ಒಂದು ಸ್ಪ್ರಿಂಗ್ ಮಾತ್ರ ಉಳಿಸುತ್ತಾರೆ. ಹಡಗಿನವರು ಸಡಿಲ ಬಿಡುವ ಮುನ್ನ ಕುಣಿಕೆ ಎತ್ತಲು ಹೋಗಬಾರದು. ಬಿಗಿದ ಕುಣಿಕೆಯನ್ನು ಸನಿಕೆ ಹಾಕಿ ಮೀಟಿದವನ ಹಲ್ಲು ಉದುರಿದ್ದನ್ನು ನಾನು ಕಂಡಿದ್ದೇನೆ. ಬಿಟ್ಟ ಹಗ್ಗವನ್ನು ನೀರಿಗೆ ಎಸೆಯದೆ, ಧಕ್ಕೆಯ ಅಂಚಿನವರೆಗೆ ನಡೆಸಿಕೊಂಡು ಹೋಗಿ ಬಿಡಬೇಕು. ಹಿಂತುದಿಯ ಹಗ್ಗಗಳಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಪ್ರೊಪೆಲ್ಲರಿಗೆ ಹಗ್ಗ ಸುತ್ತಿಕೊಂಡರೆ ಹಡಗು ಕಾಲುವೆಯ ನಡುವೆ ನಿಂತು ಇಡೀ ಬಂದರೇ ಕಟ್ಟಿಹೋಗುತ್ತದೆ. ಕೊನೆಯ ಸ್ಟರ್ನ್ ಲೈನ್ ನೀರಿನಿಂದ ಮೇಲೆದ್ದು ಹಿಂತುದಿಯಿಂದ ‘ಆಲ್ ಕ್ಲಿಯರ್’ ಕೇಳುವವರೆಗೂ ತಂಡದವರು ಜಾಗ ಬಿಡಬಾರದು. ಆಮೇಲೆ ಖಾಲಿಯಾದ ಬೋಲಾರ್ಡ್‌ಗಳನ್ನು ಒಮ್ಮೆ ಕೈಯಿಂದ ಸವರಿ ನೋಡಿ, ಬಿರುಕು, ಚೂಪಾದ ಸವಕಲು, ಬುಡದಲ್ಲಿ ಅಲುಗಾಟ ಕಂಡರೆ ಅದರ ಸಂಖ್ಯೆಯನ್ನು ಪಾಳಿಯ ಪುಸ್ತಕದಲ್ಲಿ ಅಲ್ಲೇ ಬರೆಯಬೇಕು, ಕೊಠಡಿಗೆ ಹೋಗಿ ಚಹಾ ಕುಡಿದ ಮೇಲಲ್ಲ.